ಸರ್ಕಾರದ ಆಯೇರಿ

ಈ ಕತೆಯನ್ನು ಮೊದಲು ಹೇಳಿದವರು ಮಟಕಿ ಊರಿನ ಗುರಮ್ಮ. ೧೯೮೮ರ ಪುಷ್ಯಮಾಸದಲ್ಲಿ, ತೊಗರಿ ರಾಶಿ ಮುಗಿಸಿ ಬಂದ ಹೆಂಗಸರು ಅವರ ಕಟ್ಟೆಯ ಮೇಲೆ ಕುಳಿತಿದ್ದಾಗ.

ನಿಂಬರ್ಗಾದಲ್ಲಿ ಮಾಳಮ್ಮನೆಂಬಾಕೆ ಇದ್ದಳು. ಅವಳ ಗಂಡ ದತ್ತಪ್ಪ ಸಾರಾಯಿಯಿಂದ ಕಾಮಾಲೆ ಹಿಡಿದು, ಸಾವಿನ ಹೊಸ್ತಿಲು ಮುಟ್ಟಿ ಬಂದು, ಕುಡಿತ ಬಿಟ್ಟಿದ್ದ. ಇನ್ನೊಮ್ಮೆ ಕುಡಿದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಮಾಳಮ್ಮ ಅವನನ್ನು ಒಲೆಯ ಮೇಲಿನ ಹಾಲಿನಂತೆ ಕಾಯುತ್ತಿದ್ದಳು.

ಅಷ್ಟರಲ್ಲಿ ಸರ್ಕಾರಕ್ಕೂ ಪ್ರಜೆಗಳ ಆರೋಗ್ಯದ ಚಿಂತೆ ಹತ್ತಿತು. ಸರ್ಕಾರದ್ದೇ ಹರಾಜಿನಲ್ಲಿ ಅಂಗಡಿ ಹಿಡಿದ ಗುತ್ತಿಗೆದಾರ ಊರಿಗೆ ಸಾರಾಯಿ ಕುಡಿಸುತ್ತಿದ್ದ. ಸರ್ಕಾರದ್ದೇ ಜೀಪು ಬಂದು ಕುಡಿಯಬೇಡಿರೆಂದು ಮೈಕಿನ ಭೋಂಗಾದಲ್ಲಿ ಸಾರುತ್ತಿತ್ತು. ಸುರಿಯುವ ಕೈಗೂ ಒರೆಸುವ ಕೈಗೂ ಸಂಬಳ ತಪ್ಪುತ್ತಿರಲಿಲ್ಲ. ಒಂದು ದಿನ ಆರೋಗ್ಯದ ಸಾಹೇಬರು ಗುಡಿಯ ಮುಂದೆ ಸಭೆ ಕೂಡಿಸಿ, ಕುಡಿತ ಬಿಟ್ಟವರೆಂದು ದತ್ತಪ್ಪನಿಗೂ ಅವನ ಗೆಳೆಯ ಮಹಾದೇವಪ್ಪನಿಗೂ ರುಮಾಲು ಸುತ್ತಿಸಿ, ಚಪ್ಪಾಳೆ ಹೊಡೆಸಿ, ಚಹಾ ಕುಡಿದು ಹೋದರು.

ಸಾಹೇಬರಿಗೆ ಅದು ಸನ್ಮಾನ. ಊರಿನವರಿಗೆ ಮಾತ್ರ, ಮಂದಿಯ ಮುಂದೆ ಬಟ್ಟೆ ಕೊಟ್ಟರೆ ಅದು ಆಯೇರಿ. ಪಡೆದವನು ಆ ಮನೆಗೆ ಮುಯ್ಯಿ ತೀರಿಸದಿದ್ದರೆ ಮೋರೆ ಎತ್ತಿ ತಿರುಗುವಂತಿಲ್ಲ.

ಮರುದಿನ ಮಹಾದೇವಪ್ಪ ರುಮಾಲು ಸುತ್ತಿಕೊಂಡೇ ಬಂದ.

"ಲೇ ದತ್ತ್ಯಾ, ನಡಿ, ಮುಯ್ಯಿ ತೀರಸೂಣು. ನಮ್ಮೂರಾಗ ಸರ್ಕಾರದ ಮನಿ ಯಾವ್ದು? ಸಾಲಿ ಸೋರ್ತದ, ದವಾಖಾನಿಗಿ ಕೀಲಿ. ದಿನಾ ಬಾಗಲಾ ತೆರೆಯೋದು ಸಾರಾಯಿ ಅಂಗಡಿ ಒಂದೇ."

"ನಾ ಕುಡಿಯಂಗಿಲ್ಲೋ," ಎಂದ ದತ್ತಪ್ಪ, ಚಪ್ಪಲಿ ಹುಡುಕುತ್ತ.

"ಕುಡಿಯೋದು ಎಲ್ಲಿ ಬಂತಲೇ? ಇದು ಮರ್ಯಾದಿ ಮಾತು!"

ಒಲೆಯ ಮುಂದಿದ್ದ ಮಾಳಮ್ಮ ಎಲ್ಲ ಕೇಳಿಸಿಕೊಂಡಳು. ಬೈದರೆ ಗಂಡ ಹಟಕ್ಕೆ ಬೀಳುವನು. ಕಾಮಾಲೆಯ ಮಾತೆತ್ತಿದರೆ ತಾನು ಹೇಡಿಯಲ್ಲವೆಂದು ತೋರಿಸಲು ಒಂದು ಪಾಕೀಟು ಹೆಚ್ಚೇ ಕುಡಿದಾನು. ರೊಟ್ಟಿ ಬಡಿಯುವ ಕೈಯನ್ನು ಆಕೆ ನಿಲ್ಲಿಸಲಿಲ್ಲ.

"ಖರೇ ಅದರಿ ಅಣ್ಣಾ, ಮುಯ್ಯಿ ಬಿಡಬಾರ್ದು. ಸರ್ಕಾರದ ಮನ್ಯಾಗ ಯಾರ ಲಗ್ನ ಅದರಿ?"

"ಲಗ್ನ ಎಲ್ಲೀದು ತಂಗೀ?"

"ಹಂಗಂದ್ರ ತೊಟ್ಲಾ? ಮನಿ ಶಾಂತಿ?"

ತಲೆ ಕೆರೆದುಕೊಳ್ಳಹೋದ ಮಹಾದೇವಪ್ಪನಿಗೆ ರುಮಾಲು ಅಡ್ಡಬಂತು.

"ಕಾರ್ಯ ಇಲ್ಲದ, ಕರೀದ ಮನಿಗಿ ಬಟ್ಟಿ ಒಯ್ಯೋದು ಯಾರರೆ ಸತ್ತಾಗಷ್ಟೇ ಅಲ್ಲೇನ್ರಿ? ಸರ್ಕಾರ ಸತ್ತದೇನು? ಲಗ್ನಕ್ಕ ಕರೀಲಿ, ನಾನೂ ಕುಬಸದ ಖಣ ಹಿಡ್ಕೊಂಡು ಬರ್ತೇನಿ."

ದತ್ತಪ್ಪ ಚಪ್ಪಲಿ ಬಿಟ್ಟ. "ಹೌದಲೇ ಮಾದ್ಯಾ, ಕರೀದ ಹ್ಯಾಂಗ ಹೋಗೋದು?" ಎಂದು ರೊಟ್ಟಿಯ ಮುಂದೆ ಕುಳಿತ.

"ಸತ್ತದೋ ಏನೋ, ನಾ ನೋಡಿ ಬರ್ತೇನಿ," ಎಂದು ಮಹಾದೇವಪ್ಪ ಅಂಗಡಿಯ ಕಡೆಗೆ ನಡೆದ.

ಸರ್ಕಾರಕ್ಕೆ ಇನ್ನೂ ಕಂಕಣಬಲ ಕೂಡಿಬಂದಿಲ್ಲ. ದತ್ತಪ್ಪ ಕರೆಯೋಲೆಗಾಗಿ ಕಾಯುತ್ತಲೇ ಬದುಕಿದ್ದಾನೆ. ಅವನು ಉಳಿದದ್ದು ಭೋಂಗಾದ ಉಪದೇಶದಿಂದ ಎಂದು ಸಾಹೇಬರು ಇಂದಿಗೂ ನಂಬಿದ್ದಾರಂತೆ.

"ಮತ್ತ ಮಾದೇವಪ್ಪ?" ಎಂದಳು ಕೇಳುತ್ತಿದ್ದವರಲ್ಲೊಬ್ಬಳು.

"ಸರ್ಕಾರದ ಪ್ರಕಾರ ಇನ್ನೂ ಬಿಟ್ಟಾನವ್ವಾ," ಎಂದರು ಗುರಮ್ಮ.

ಹೆಂಗಸರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಎದ್ದು, ಸೆರಗಿನ ತೊಗರಿ ಹೊಟ್ಟು ಕೊಡವಿಕೊಂಡು, ಗಂಡಂದಿರು ಮನೆ ಮುಟ್ಟುವ ಮೊದಲೇ ಒಲೆ ಹೊತ್ತಿಸಲು ಮನೆಗೆ ಹೋದರು.