ಹನ್ನೊಂದು ಬಟ್ಟಲು ನೀರು

ತಂಗಿ ಒಂಬತ್ತನೆಯ ಬಟ್ಟಲಿನ ನೀರನ್ನು ಬಕೆಟ್ಟಿಗೆ ಸುರಿಯುತ್ತಿದ್ದಳು. ಅಕ್ಕನ ದೇಹವನ್ನು ಮಲಗಿಸಲು ಜಾಗ ಬೇಕಿತ್ತು. ಒಂದೂವರೆ ಕೋಣೆಯ ಮನೆಗೆ ಹನ್ನೊಂದು ಬೆಕ್ಕು, ಹನ್ನೊಂದು ಬಟ್ಟಲು, ಕಾಲಿಟ್ಟಲ್ಲೆಲ್ಲ ನೀರು.

“ಎಲ್ಲಕ್ಕೂ ಸೇರಿ ಒಂದು ಬೋಗುಣಿ ಸಾಲ್ದಾ? ಅಕ್ಕಂದು ಯಾವಾಗ್ಲೂ ಅತಿ,” ಎಂದಳು, ಅಳುತ್ತಲೇ.

“ಅಯ್ಯೋ, ಹಾಗ್ಮಾತ್ರ ಮಾಡ್ಬೇಡ ತಾಯಿ. ಮೊದ್ಲು ಒಂದೇ ಇಟ್ಟಿದ್ಲು. ಮೂರು ಬೆಕ್ಕು ಹೋದ್ವು.” ಹೇಳಿದವಳು ಕಾಜಾದವಳು. ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಕ್ಕನ ಪಕ್ಕದ ಮಷೀನಿನಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದವಳು.

ಅಣ್ಣ ಬಾಗಿಲಿನಿಂದಲೇ ಹೇಳಿದ: “ಸಂಜೆ ವ್ಯಾನ್ ಬರತ್ತೆ. ಎಲ್ಲಾನೂ ಪ್ರಾಣಿಗಳ ಆಶ್ರಮಕ್ಕೆ ಸಾಗಿಸೋಣ. ಅಲ್ಲಿ ಇನ್ನೂರು ಬೆಕ್ಕಿವೆಯಂತೆ, ಒಳ್ಳೇ ಜೊತೆ.”

ಹೊಲಿಗೆ ಯಂತ್ರದ ಕೆಳಗೆ ಬೂದುಬಣ್ಣದ ಪುಕ್ಕಲು ಬೆಕ್ಕು, ಮುದುಡಿ, ಇನ್ನಷ್ಟು ಮುದುಡಿತು. ನಿನ್ನೆಯಿಂದ ಅದು ನೀರು ಮುಟ್ಟಿರಲಿಲ್ಲ.

*

ಮೂರು ಬೆಕ್ಕು ಸತ್ತ ಬೇಸಿಗೆಯಲ್ಲಿ ಅಕ್ಕ ಮುದುಡಿಯನ್ನು ಚೀಲದಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಓಡಿದ್ದಳು.

“ಇದರ ಕಿಡ್ನೀನೂ ಸೋತಿದೆ. ನೀರು ಕುಡಿಯಲ್ವಾ?”

“ಬೋಗುಣಿ ತುಂಬಾ ಇರತ್ತೆ ಡಾಕ್ಟ್ರೇ.”

“ಪಕ್ಕದಲ್ಲಿ ಯಾರು ಕೂತಿರ್ತಾರೆ?”

ಅಕ್ಕ ಯೋಚಿಸಿದಳು. ಪೈಲ್ವಾನ, ಆ ದಢೂತಿ ಗಂಡುಬೆಕ್ಕು. ಬೋಗುಣಿಗೆ ಬೆನ್ನು ಕೊಟ್ಟು ದಿನವಿಡೀ ಅವನದೇ ದರ್ಬಾರು.

“ಗುಂಪಿನಲ್ಲಿ ಪುಕ್ಕಲು ಬೆಕ್ಕು ನೀರಿನ ಹತ್ರ ಬರಲ್ಲಮ್ಮ. ಉಚ್ಚೆನೂ ತಡ್ಕೊಂಡಿರತ್ತೆ.”

“ಥೇಟ್ ನಮ್ಮ ಕಾರ್ಖಾನೆ,” ಎಂದು ಅಕ್ಕ ನಕ್ಕಳು. ಅಲ್ಲಿ ಶೌಚಾಲಯದ ಬಾಗಿಲಲ್ಲಿ ಮೇಸ್ತ್ರಿ ಗಡಿಯಾರ ಹಿಡಿದು ಕೂರುತ್ತಿದ್ದ. ಹೋಗುವ ಗೋಜೇ ಬೇಡವೆಂದು ಹೆಂಗಸರು ಸಂಜೆ ಕೆಲಸ ಬಿಡುವವರೆಗೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ.

ಅಂದೇ ಮೂಲೆಮೂಲೆಗೂ ಬಟ್ಟಲು ಬಂದವು. ಮುದುಡಿ ಕುಡಿಯುವಾಗ ಅಕ್ಕ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು.

*

“ಮುದುಡಿ ಕುಡೀಲಿ ಅಂತ ಗೋಡೆಗೆ ಮುಖ ಮಾಡಿ ಕೂರೋಳು. ಕಾರ್ಖಾನೇಲಿ ಇವಳ ಬಾಟ್ಲಿ ಮಾತ್ರ ಬೆಳಿಗ್ಗೆ ತುಂಬಿದ್ದು ಸಂಜೆಗೂ ಹಾಗೇ,” ಎಂದಳು ಕಾಜಾದವಳು, ಮಲಗಿಸಿದ್ದ ಅಕ್ಕನನ್ನು ನೋಡುತ್ತ. “ಕೊನೆಗೆ ಎರಡೂ ಕಿಡ್ನಿ ಹೋದ್ವು. ನಿಂಗೆ ಹೇಳ್ಬೇಡ ಅಂದಿದ್ಲು.”

ತಂಗಿ ಬಕೆಟ್ಟನ್ನು ಕೆಳಗಿಟ್ಟಳು. ತಿಂಗಳಿಗೊಮ್ಮೆ ಬಂದಾಗಲೆಲ್ಲ ಬೆಕ್ಕಿನ ವಾಸನೆ ಎಂದು ಹೊಸ್ತಿಲಲ್ಲೇ ನಿಂತು ಹೋಗಿದ್ದಳು.

ಹೊರುವವರು ಒಳಗೆ ಬಂದರು. “ಎತ್ತೋಣ್ವಾ?”

“ಎಲ್ರೂ ಆಚೆ ಹೋಗಿ.”

“ಹೊತ್ತಾಯ್ತು ಕಣೇ, ತಲೆ ಕೆಟ್ಟಿದೆಯಾ?” ಎಂದ ಅಣ್ಣ.

“ನೀನೂ ಹೋಗಣ್ಣ. ಬೆಕ್ಕಿನ ವ್ಯಾನಿನವರಿಗೆ ಬರೋದು ಬೇಡ ಅನ್ನು.”

ಬಾಗಿಲು ಹಾಕಿದಳು. ಹನ್ನೊಂದು ಬಟ್ಟಲನ್ನೂ ತುಂಬಿ, ಕೊನೆಯದನ್ನು ಅಕ್ಕನ ಪಾದದ ಬಳಿ ಇಟ್ಟು, ಗೋಡೆಗೆ ಮುಖ ಮಾಡಿ ಕುಳಿತಳು.

ಹೊರಗೆ ಯಾರೋ ಬಾಗಿಲು ತಟ್ಟಿದರು. ಆಮೇಲೆ ತಟ್ಟುವುದೂ ನಿಂತಿತು.

ಬಹಳ ಹೊತ್ತಿನ ಮೇಲೆ ಬೆನ್ನ ಹಿಂದೆ ನೀರು ನೆಕ್ಕುವ ಸಣ್ಣ ಸದ್ದಾಯಿತು. ತಂಗಿ ತಿರುಗಿ ನೋಡಲಿಲ್ಲ.