ಅತ್ತೆಗೆ ಹಾಸಿದ ಮೆತ್ತೆ

"ಬಿದ್ದ! ಬಿದ್ದ ನೋಡೇ! ಇನ್ನೊಬ್ಬ ಬರ್ತಿದ್ದಾನೆ. ಬಾರಪ್ಪಾ ಬಾ, ನಿನಗೂ ಕಾದಿದೆ!"

ಹಜಾರದಿಂದ ಅತ್ತೆಯ ಈ ಕೂಗು ಕೇಳಿತೆಂದರೆ ಸಂಜೆಯಾಯಿತೆಂದು ಅರ್ಥ. ಟೆಲಿಫೋನ್ ಆಪರೇಟರಾಗಿ ಆಯುಷ್ಯವೆಲ್ಲ 'ಹಲೋ' ಎಂದು ನಿವೃತ್ತರಾದ ಹೆಂಗಸು. ದನಿ ಇನ್ನೂ ನಾಲ್ಕು ಮನೆಯಾಚೆಗೆ ಸಲೀಸಾಗಿ ಹೋಗುತ್ತಿತ್ತು. ಮಂಡಿನೋವಿಗೆ ಡಾಕ್ಟರು ಓಡಾಟ ಕಮ್ಮಿ ಮಾಡಿ ಎಂದ ಮೇಲೆ ಹೊತ್ತು ಹೋಗದೆ ಸೊಸೆಯ ಕಂಪನಿ ತಯಾರಿಸಿದ ಫೋನಿನ ಆಟವನ್ನು ಹಿಡಿದರು. ಈಗ ಆಟವೇ ಅವರನ್ನು ಹಿಡಿದುಕೊಂಡಿತ್ತು.

ಆಟದ ಹೆಸರು 'ಸೇತುವೆ'. ಒಂದು ಆಳವಾದ ಕಮರಿ, ಎರಡು ತಂಡ, ತಂಡಕ್ಕೆ ಮೂವರು. ಎರಡೂ ತಂಡದವರು ಅಕ್ಕಪಕ್ಕದಲ್ಲೇ ಹಲಗೆ ಹಾಸುತ್ತ ಆಚೆ ದಡ ಮುಟ್ಟಬೇಕು. ಹೆಗಲ ಮೇಲಿನ ಹಲಗೆಯ ಹೊರೆ ಮುಗಿದರೆ ಹೊರಟ ದಡದವರೆಗೆ ನಡೆದು ಬಂದು ಇನ್ನೊಂದು ಹೊರೆ ಒಯ್ಯಬೇಕು. ನಡುವೆ ಎದುರಾಳಿಯನ್ನು ಕೊಕ್ಕೆ ಹಾಕಿ ಕಮರಿಗೆ ಕೆಡವಬಹುದು. ಬಿದ್ದವರು ಸಾಯುವುದಿಲ್ಲ, ಹೊಸ ಹೊರೆಯ ಸಮೇತ ತಮ್ಮ ದಡದಲ್ಲೇ ಮತ್ತೆ ಎದ್ದು ನಿಲ್ಲುತ್ತಾರೆ. ಆದರೆ ಎಷ್ಟು ಸಲ ಬಿದ್ದರೆಂಬ ಲೆಕ್ಕ ಹೆಸರಿನ ಪಕ್ಕದಲ್ಲೇ ಕೂತು ಊರಿಗೆಲ್ಲ ಡಂಗುರ ಸಾರುತ್ತದೆ.

ಆಫೀಸಿನಲ್ಲಿ ಸೊಸೆಯನ್ನು ಎಲ್ಲರೂ ಕರೆಯುವುದು ತಕ್ಕಡಿ ಎಂದು. ಆಟವನ್ನು ಸಮತೂಕದಲ್ಲಿ ಇಡುವ ಕರ್ಮ ಅವಳ ಪಾಲಿನದು. ಆಡುವವರಲ್ಲಿ ಎರಡು ಪಂಗಡ. ಊಟ ನಿದ್ದೆ ಬಿಟ್ಟು ಆಡುವ ಹುಲಿಗಳು ಒಂದು ಕಡೆ. ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವಷ್ಟರಲ್ಲಿ ಒಂದಾಟ ಆಡಿ ಏಳುವ ಬಿಡುವಿನವರು ಇನ್ನೊಂದು ಕಡೆ. ಆಟ ಕೊಂಚ ಸಡಿಲವಾದರೆ ಹುಲಿಗಳು 'ಇದೇನು ಶಿಶುವಿಹಾರವೇ' ಎಂದು ಕೂಗಾಡುತ್ತಾರೆ. ಕೊಂಚ ಬಿಗಿಯಾದರೆ ಬಿಡುವಿನವರು ನಾಲ್ಕು ಸಲ ಬಿದ್ದು ಆಟವನ್ನೇ ಫೋನಿನಿಂದ ಕಿತ್ತೊಗೆಯುತ್ತಾರೆ. ಒಂದೇ ಪಾತ್ರೆಯ ಅಡುಗೆ ಒಬ್ಬರಿಗೆ ಉಪ್ಪುಪ್ಪು, ಇನ್ನೊಬ್ಬರಿಗೆ ಸಪ್ಪೆ. ಬೈಗುಳ ಮಾತ್ರ ಎರಡೂ ಕಡೆಯಿಂದ ಅಡುಗೆಯವಳಿಗೆ.

ಇದಕ್ಕೆ ಅವಳೊಂದು ಉಪಾಯ ಹೂಡಿದ್ದಳು. ಬಿಡುವಿನವರ ಕಾಲಡಿ ಯಾರ ಕಣ್ಣಿಗೂ ಕಾಣದ ಒಂದು ಮೆತ್ತೆ. ಹುಲಿ ಕೊಕ್ಕೆ ಹಾಕಿ ಎಳೆದರೆ ಅವರಿಗೆ ಏಟು ಅರ್ಧವೇ ತಾಕುತ್ತಿತ್ತು, ಕಾಲು ಹಲಗೆಗೆ ತುಸು ಅಂಟಿಕೊಳ್ಳುತ್ತಿತ್ತು. ಅದನ್ನು ಅವರು ತಮ್ಮ ಚಾಲಾಕಿತನವೆಂದುಕೊಂಡು ಬೀಗುತ್ತಿದ್ದರು, ಮರುದಿನ ಮತ್ತೆ ಬರುತ್ತಿದ್ದರು. ಈ ಗುಟ್ಟು ಗೊತ್ತಿದ್ದದ್ದು ಅವಳಿಗೆ, ಕಂಪನಿಯ ಯಜಮಾನನಿಗೆ, ಪ್ರೋಗ್ರಾಮರನಿಗೆ, ಅಷ್ಟೇ. ಅತ್ತೆ ಪಕ್ಕದ ಮನೆಯವರನ್ನು ನಿಲ್ಲಿಸಿಕೊಂಡು ಗೆಲುವಿನ ಕಥೆ ಹೇಳುವಾಗ ತಕ್ಕಡಿ ಬಾಯಿಗೆ ಬೀಗ ಹಾಕಿಕೊಂಡು ತಲೆಯಾಡಿಸುತ್ತಿದ್ದಳು. ಮೂಲೆ ಹಿಡಿದಿದ್ದ ಹೆಂಗಸು ಸೋಫಾದ ಮೇಲೆ ಕೂತಲ್ಲೇ ಕುಣಿಯುತ್ತಿದ್ದರೆ ಯಾವ ಸೊಸೆಗೆ ಬೇಜಾರು?

ಭಯವೂ ಇತ್ತು, ಇಲ್ಲದೆ ಏನು. ಹೊಸದಾಗಿ ಮದುವೆಯಾಗಿ ಪ್ರವಾಸ ಹೋಗಿದ್ದಾಗ ಇಸ್ಪೀಟಿನಲ್ಲಿ ಗಂಡ ಬೇಕೆಂದೇ ಸೋತರೆಂದು ಗೊತ್ತಾಗಿ, ಪ್ರವಾಸವನ್ನು ಅರ್ಧಕ್ಕೇ ಬಿಟ್ಟು ಪೆಟ್ಟಿಗೆ ಕಟ್ಟಿದ ಹೆಂಗಸು ಈ ಅತ್ತೆ.

ಗ್ರಹಚಾರ ಪಂದ್ಯದ ರೂಪದಲ್ಲಿ ಬಂತು. ಕಂಪನಿ ದೊಡ್ಡ ಸಭಾಂಗಣವೊಂದನ್ನು ಹಿಡಿದು ಬಹಿರಂಗ ಪಂದ್ಯ ಇಟ್ಟುಕೊಂಡಿತು. ಪ್ರತಿ ತಂಡದಲ್ಲೂ ಇಬ್ಬರು ಹುಲಿಗಳು, ಒಬ್ಬರು ಬಿಡುವಿನವರು, ಚೀಟಿ ಎತ್ತಿ ಹಂಚುವುದು. ಎಲ್ಲರೂ ಒಂದೇ ಅಂಗಳದಲ್ಲಿ ಆಡಬಹುದೆಂದು ತೋರಿಸುವ ಆಸೆ. ಪಂದ್ಯದಲ್ಲಿ ಮೆತ್ತೆ ಇರಕೂಡದೆಂದು ತಕ್ಕಡಿಯೇ ಹಟ ಹಿಡಿದು ಒಪ್ಪಿಸಿದ್ದಳು. ಅದೇ ಸಂಜೆ ಅತ್ತೆ ಫೋನನ್ನು ಅವಳ ಮೂಗಿನವರೆಗೂ ತಂದರು.

"ನೋಡೇ, ನಾನೂ ಹೆಸರು ಕೊಟ್ಟಿದ್ದೀನಿ! ತಗೊಂಡೂ ಬಿಟ್ರು!"

ತಕ್ಕಡಿ ಫೋನು ಇಸಿದುಕೊಂಡು ಪಟ್ಟಿಯನ್ನು ಎರಡೆರಡು ಸಲ ಓದಿದಳು. ಹೆಸರು ಇತ್ತು.

ಮರುದಿನ ವಿಷಯ ತಿಳಿದ ಯಜಮಾನ ಪೆನ್ನಿನ ಮುಚ್ಚಳ ಕಚ್ಚುತ್ತ ಅವಳ ಮೇಜಿನ ಬಳಿ ಬಂದ. "ನಿಮ್ಮತ್ತೆ ವೇದಿಕೆ ಮೇಲೆ ದಬದಬ ಅಂತ ಬಿದ್ರೆ ನೋಡೋಕೆ ಚೆನ್ನಾಗಿರುತ್ತಾ? ಬಿಡುವಿನವರೆಲ್ಲ ಹೆದರಿ ಓಡ್ತಾರೆ. ನೀವು ಕೂತ ಕಡೆಯಿಂದ ಒಂದು ಗುಂಡಿ ಒತ್ತಿ, ಅವರಿಗೊಬ್ಬರಿಗೆ ಮೆತ್ತೆ ಹಾಕಿ. ಯಾರಪ್ಪನ ಗಂಟು ಹೋಗುತ್ತೆ?"

"ಮೋಸ ಅಲ್ವಾ ಸರ್?"

"ದಿನಾ ಮಾಡ್ತಿರೋದು ಮತ್ತೇನು?"

ಆ ಮಾತು ಅವಳಿಗೆ ಮುಳ್ಳು ಮುರಿದಂತೆ ಒಳಗೇ ಉಳಿಯಿತು. ಮೆತ್ತೆ ಹಾಕದಿದ್ದರೆ ಅತ್ತೆ ಸಾವಿರ ಜನರೆದುರು ಮಣ್ಣು ಮುಕ್ಕುತ್ತಾರೆ, ಇಷ್ಟು ದಿನದ ಗೆಲುವೆಲ್ಲ ಬುರುಡೆಯೆಂದು ಅಲ್ಲೇ ಗೊತ್ತಾಗುತ್ತದೆ. ಹಾಕಿದರೆ ಬುರುಡೆಯ ಮೇಲೆ ಇನ್ನೊಂದು ಬುರುಡೆ. ರಾತ್ರಿಯಿಡೀ ಮಗ್ಗುಲು ಬದಲಿಸಿ, ಬೆಳಗ್ಗೆ ಅಡುಗೆಮನೆಗೆ ಹೋದಳು. ಅತ್ತೆ ಹುರುಳಿಕಾಯಿ ಹೆಚ್ಚುತ್ತಿದ್ದರು.

"ಅತ್ತೆ, ಒಂದು ಮಾತು ಹೇಳ್ಬೇಕು. ಬೈಬಾರದು."

"ಬೈಯೋ ಮಾತಾದ್ರೆ ಬೈತೀನಿ. ಹೇಳು."

ಹೇಳಿದಳು. ಏನನ್ನೂ ಮುಚ್ಚಿಡದೆ ಹೇಳಿದಳು. ಚಾಕು ನಿಂತಿತು.

"ಯಾವಾಗಿಂದ?"

"ಮೊದಲಿಂದಾನೂ."

"ಅಂದ್ರೆ ನಾನು ಯಾವತ್ತೂ ಗೆದ್ದೇ ಇಲ್ಲ."

"ಹಾಗಲ್ಲ ಅತ್ತೆ. ಎಷ್ಟೋ ಸಲ ನೀವೇ ಗೆದ್ದಿರ್ತೀರಿ."

"ಯಾವ್ಯಾವ ಸಲ?"

ಏಟು ಅರ್ಧವಾಗದೆ ಹೋಗಿದ್ದರೆ ಯಾವ ಆಟ ಏನಾಗುತ್ತಿತ್ತೆಂದು ಯಾರಿಂದಲೂ ಹೇಳಲಾಗದು. "ನಂಗೂ ಗೊತ್ತಿಲ್ಲ," ಎಂದಳು.

ಅತ್ತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರ ಮುಖ ಇಷ್ಟೇ ಇಷ್ಟಾಯಿತು. "ಮಗು ಜೊತೆ ಓಡುವಾಗ ಬೇಕಂತ ನಿಧಾನ ಮಾಡ್ತೀವಲ್ಲ, ಹಾಗೆ ಮಾಡಿದ್ಯಲ್ಲೇ," ಎಂದರು ಮೆಲ್ಲಗೆ. ಆ ದೊಡ್ಡ ದನಿ ಅಷ್ಟು ಸಣ್ಣದಾಗಬಲ್ಲದೆಂದು ಸೊಸೆಗೆ ಗೊತ್ತೇ ಇರಲಿಲ್ಲ. ಆಮೇಲೆ ಅತ್ತೆ ಕೈ ಒರೆಸಿಕೊಂಡು ಎದ್ದರು. "ತೆಗಿ ಅದನ್ನ. ಈಗಲೇ."

ಪ್ರೋಗ್ರಾಮರನಿಗೆ ಫೋನು ಹೋಯಿತು, ಅತ್ತೆಯ ಕಾಲಡಿಯ ಮೆತ್ತೆ ಎದ್ದಿತು. ಮೊದಲ ಆಟದಲ್ಲಿ ಹಲಗೆ ಇಡಲು ಬಗ್ಗಿದ್ದೊಂದೇ ನೆನಪು, ಕಮರಿಯಲ್ಲಿದ್ದರು. ಎದ್ದರು, ಬಿದ್ದರು. ಎದ್ದರು, ಬಿದ್ದರು. ಅಂದಿನಿಂದ ಸಂಜೆಯ ಕೂಗು ನಿಂತು, ಹಜಾರದಿಂದ ಬರೀ 'ಥೂ' ಕೇಳತೊಡಗಿತು. ಸೊಸೆ ಮಾತಾಡಿಸಿದರೆ ಹೂಂ, ಊಹೂಂ, ಮುಗಿಯಿತು. "ಅಮ್ಮಂಗೇನಾಯ್ತು?" ಎಂದು ಗಂಡ ಕೇಳಿದವನು ಹೆಂಡತಿಯ ಮುಖ ನೋಡಿ ಪೇಪರು ಬಿಡಿಸಿಕೊಂಡ. ಪಂದ್ಯದ ಹಿಂದಿನ ದಿನ 'ಥೂ' ಕೂಡ ಕೇಳಲಿಲ್ಲ. ಅತ್ತೆ ಫೋನಿನ ಮೇಲೆ ಬಗ್ಗಿ ತಮ್ಮಷ್ಟಕ್ಕೆ ಏನೋ ಗೊಣಗುತ್ತಿದ್ದರು. ಬರುವುದಿಲ್ಲವೆಂದೇ ತಕ್ಕಡಿ ತಿಳಿದಳು.

ಬಂದರು. ಓಡುವವರು ಹಾಕಿಕೊಳ್ಳುವ ಬಿಳಿ ಬೂಟು ಹಾಕಿಕೊಂಡು ಬಂದರು!

ಸಭಾಂಗಣ ಕಿಕ್ಕಿರಿದಿತ್ತು. ನೆಲಕ್ಕೆ ಟೇಪು ಹಚ್ಚಿ ಕೂರಿಸಿದ ವೈರುಗಳನ್ನು ದಾಟುತ್ತ ಅತ್ತೆ ವೇದಿಕೆ ಏರಿದಾಗ ಅವರ ತಂಡದ ಹುಲಿಗಳಿಬ್ಬರೂ ಮೂಗು ಮುರಿದರು.

"ಅಜ್ಜಿ ನಮ್ಮ ಟೀಮಾ?"

"ಅಜ್ಜಿ ಯಾಕಪ್ಪ ಆಗ್ಲಿ? ನಂಗಿನ್ನೂ ಮೊಮ್ಮಕ್ಕಳಿಲ್ಲ. ಬೇಕಾದ್ರೆ ಅಲ್ಲಿ ಕೂತಿದ್ದಾಳಲ್ಲ, ಅವಳನ್ನ ಕೇಳು."

ಸಾಲುಸಾಲು ತಲೆಗಳು ತಿರುಗಿ ತಕ್ಕಡಿಯನ್ನು ನೋಡಿದವು. ವೇದಿಕೆಯ ಪಕ್ಕದ ಮೇಜಿನಲ್ಲಿ ಕೂತಿದ್ದ ಅವಳಿಗೆ ಕಂಪ್ಯೂಟರಿನೊಳಗೇ ಇಳಿದುಹೋಗೋಣ ಅನ್ನಿಸಿತು.

ಎದುರು ತಂಡದಲ್ಲಿದ್ದವಳು ಕಣಜ. ಅದು ಆಟದೊಳಗಿನ ಹೆಸರು. ಕಚ್ಚಿದರೆ ಕಣಜದ ಹುಳುವಿನ ಹಾಗೇ ಕಚ್ಚುವವಳು. ಈ ವರ್ಷ ಒಂದು ಸಲವೂ ಬಿದ್ದವಳಲ್ಲ. ಅವಳ ಹೆಸರಿನ ಪಕ್ಕದ ಸೊನ್ನೆಯ ಚಿತ್ರವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಬಂದ ಅಭಿಮಾನಿಗಳೂ ಇದ್ದರು.

ಗಂಟೆ ಹೊಡೆಯಿತು. ದೊಡ್ಡ ಪರದೆಯ ಮೇಲೆ ಅತ್ತೆ ಹಲಗೆ ಹೊತ್ತು ಓಡಿದರು, ಹಾಸಿದರು. ಸುಂಯ್ ಎಂದು ಕಣಜದ ಕೊಕ್ಕೆ ಬಂತು, ಅತ್ತೆ ಕಮರಿಗೆ. ಜನ ನಕ್ಕರು. ಮತ್ತೆ ಓಡಿದರು, ಮತ್ತೆ ಕಮರಿಗೆ. ಇನ್ನೂ ಜೋರು ನಗು. ಯಜಮಾನ ತಕ್ಕಡಿಯ ಕಿವಿಯ ಹತ್ತಿರ ಬಗ್ಗಿದ. "ನೋಡೋಕಾಗ್ತಿಲ್ಲ. ಒತ್ತಿಬಿಡಿ."

ಗುಂಡಿ ಬೆರಳಿನ ಬುಡದಲ್ಲೇ ಇತ್ತು. ಅಯ್ಯೋ, ಒತ್ತಿದರೆ ಆ ನಗು ಈಗಲೇ ನಿಲ್ಲುತ್ತದೆ. ತಕ್ಕಡಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಭದ್ರವಾಗಿ ಕೂತಳು.

ಅಷ್ಟರಲ್ಲಿ ಪರದೆಯ ಮೇಲೆ ಏನೋ ಆಯಿತು. ಅತ್ತೆ ಹೊರೆಯ ಕೊನೆಯ ಹಲಗೆ ಹಾಸಿದರು. ಹಿಂದೆ ದಡಕ್ಕೆ ನಡೆಯಬೇಕಾದವರು ಎಡಕ್ಕೆ ತಿರುಗಿ, ಯಾರೂ ಮುಟ್ಟದೆ, ಎಳೆಯದೆ, ತಾವಾಗಿಯೇ ಕಮರಿಗೆ ಹಾರಿದರು.

"ಅಜ್ಜಿಗೆ ಕಣ್ಣು ಕತ್ತಲೆ ಬಂತಾ?" ಎಂದು ಯಾರೋ ಕೂಗಿದರು. ಮರುಕ್ಷಣ ಅತ್ತೆ ದಡದಲ್ಲಿ ಎದ್ದು ನಿಂತಿದ್ದರು, ಹೆಗಲ ಮೇಲೆ ಹೊಸ ಹೊರೆ. ಓಡಿದರು, ಹಾಸಿದರು, ಹಾರಿದರು. ಎದ್ದರು, ಓಡಿದರು, ಹಾಸಿದರು, ಹಾರಿದರು!

ತಕ್ಕಡಿ ಕುರ್ಚಿಯಿಂದ ಎದ್ದೇಬಿಟ್ಟಳು. ನಡೆದು ವಾಪಸಾಗುವುದಕ್ಕಿಂತ ಬೀಳುವುದೇ ಬೇಗ! ಆಟ ಕಟ್ಟಿದ ಯಾರಿಗೂ ಇದು ಹೊಳೆದಿರಲಿಲ್ಲ. ಹುಲಿಗಳಿಗೆ ಹೆಸರಿನ ಪಕ್ಕದ ಲೆಕ್ಕದ ಚಿಂತೆ, ಬೇಕೆಂದು ಯಾರು ಬೀಳುತ್ತಾರೆ? ಬಿಡುವಿನವರನ್ನು ಬೀಳಲು ಅವಳ ಮೆತ್ತೆಯೇ ಬಿಟ್ಟಿರಲಿಲ್ಲ. ದಿನಗಟ್ಟಲೆ ಬರೀ ಬಿದ್ದವರು ಇಡೀ ಆಟದಲ್ಲಿ ಅತ್ತೆಯೊಬ್ಬರೇ.

ಈಗ ಹೊರೆ ಮುಗಿದ ಮೇಲೆ ಕಣಜ ಕೊಕ್ಕೆ ಎಸೆದರೆ ಅತ್ತೆಗೆ ಉಪಕಾರ. ಸೇತುವೆ ದಾಪುಗಾಲು ಹಾಕಿತು. ಮೂಗು ಮುರಿದಿದ್ದ ಹುಲಿಗಳು "ಹಾರಿ ಆಂಟಿ, ಹಾರಿ!" ಎಂದು ಗಂಟಲು ಹರಿದುಕೊಳ್ಳತೊಡಗಿದರು. "ನೀವೂ ಹಾರ್ರೋ! ಲೆಕ್ಕ ಏನು ನೆಕ್ಕೋಕಾ?" ಎಂದು ಅತ್ತೆ ಗದರಿದ್ದು ಮೈಕಿಲ್ಲದೆ ಕೊನೆಯ ಸಾಲಿಗೂ ಕೇಳಿತು. ಹುಲಿಗಳು ಮುಖ ಮುಖ ನೋಡಿಕೊಂಡರು. ಹಾರಲು ಮಾತ್ರ ಇಬ್ಬರಿಗೂ ಧೈರ್ಯ ಬರಲಿಲ್ಲ.

ಧೈರ್ಯ ಬಂದದ್ದು ಎದುರು ತಂಡದವಳಿಗೆ. ಕಣಜ ಕೊಕ್ಕೆಯನ್ನು ಬೆನ್ನಿಗೆ ಸಿಕ್ಕಿಸಿ ಸೇತುವೆಯ ಅಂಚಿಗೆ ಬಂದು ನಿಂತಳು. ಅಂಗಿಗೆ ಸೊನ್ನೆ ಅಚ್ಚು ಹಾಕಿಸಿಕೊಂಡವರು ಎದೆ ಮುಟ್ಟಿಕೊಂಡು ನೋಡಿದರು. ಹಾರಿದಳು! ವರ್ಷವಿಡೀ ಕಾಪಾಡಿಕೊಂಡ ಸೊನ್ನೆ ಹೋಯಿತು. ಜನ ಬೆಂಚುಗಳ ಮೇಲೆ ಹತ್ತಿದರು. ಆಮೇಲಿನದು ಓಟವೋ, ಹಾರಾಟವೋ, ಹೇಳುವುದು ಕಷ್ಟ. ಒಂದು ಕಡೆ ಊರಿಗೇ ಮೊದಲಿಗಳಾದ ಹುಡುಗಿ, ಇನ್ನೊಂದು ಕಡೆ ಮಂಡಿನೋವಿನ ಅತ್ತೆ, ಇಬ್ಬರೂ ಪೈಪೋಟಿಗೆ ಬಿದ್ದು ಬೀಳುತ್ತಿದ್ದಾರೆ! ಹಲಗೆಗೆ ಹಲಗೆ, ಹಲಗೆಗೆ ಹಲಗೆ. ಹುಡುಗಿಯ ಬೆರಳು ಎಷ್ಟಾದರೂ ಚುರುಕು. ಒಂದೇ ಒಂದು ಹಲಗೆಯ ಅಂತರದಲ್ಲಿ ಕಣಜದ ತಂಡ ಆಚೆ ದಡ ಮುಟ್ಟಿತು.

ತಕ್ಕಡಿಗೆ ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ. ನೋಡಿದರೆ, ಅವರು ಎರಡೂ ಕೈ ಮೇಲೆತ್ತಿ ನಿಂತಿದ್ದರು.

"ಸೋತೆ ಕಣೇ! ಒಂದೇ ಹಲಗೇಲಿ ಸೋತೆ!"

ಗೆದ್ದವರು ಕೂಡ ಹಾಗೆ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಕಣಜ ಎದ್ದು ಬಂದು ಅತ್ತೆಯ ಕೈ ಹಿಡಿದುಕೊಂಡಳು. "ಇದನ್ನ ಎಲ್ಲಿ ಕಲಿತ್ರಿ ಆಂಟಿ?"

"ಕಮರೀಲಿ," ಎಂದರು ಅತ್ತೆ.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕ ಸೀಟು ಸಿಕ್ಕಿತು. ಅತ್ತೆ ಬೂಟು ಸಡಿಲಿಸಿಕೊಂಡು ಕಿಟಕಿಯತ್ತ ತಿರುಗಿದರು. ಆಮೇಲೆ, ಇತ್ತ ತಿರುಗದೆಯೇ, "ಮೆತ್ತೆ ಏನ್ಮಾಡ್ತೀಯ?" ಎಂದರು.

"ಗುಟ್ಟಾಗಿ ಹಾಕಲ್ಲ ಅತ್ತೆ. ಬೇಕಾದವರು ಕೇಳಿ ಹಾಕಿಸ್ಕೊಳ್ಲಿ, ಎಲ್ಲರಿಗೂ ಕಾಣೋ ಹಾಗೆ. ಯಜಮಾನರ ಹತ್ರ ನಾಳೆ ಜಗಳ ಇದೆ."

"ಮಂಡಿ ತೀರಾ ನೋಯೋ ದಿನ ನಾನೂ ಕೇಳ್ತೀನಿ, ನಂಗೇನು ನಾಚಿಕೆ. ಈ ಹಾರೋದು?"

"ಅದನ್ನ ಮುಚ್ಚಲೇಬೇಕು. ಇಲ್ಲದಿದ್ರೆ ನಾಳೆಯಿಂದ ಎಲ್ಲರೂ ಕಪ್ಪೆ ಥರ ಹಾರ್ತಿರ್ತಾರೆ, ಕೊಕ್ಕೆಗೆ ಬೆಲೇನೇ ಇರಲ್ಲ. ಬಿದ್ದವರಿಗೆ ಅರ್ಧ ಹೊರೆ ಅಂತ ಮಾಡ್ತೀನಿ."

"ಮಾಡು. ನಿನ್ನ ಕೆಲಸ." ಅತ್ತೆ ಈಗ ತಿರುಗಿ ಅವಳ ಮುಖವನ್ನೇ ನೋಡಿದರು. "ಆದ್ರೆ ಇನ್ಮೇಲೆ ನಂಗೆ ಹೇಳಿ ಮಾಡು."

"ಹೇಳ್ತೀನಿ ಅತ್ತೆ."

"ಹಾಗಾದ್ರೆ ಈಗ ನಿಜ ಹೇಳು. ಇವತ್ತು ನೀನು ಏನೂ ಒತ್ತಲಿಲ್ಲ ತಾನೆ? ಸೋತಿದ್ದು ನಾನೇ ತಾನೆ?"

"ನೀವೇ ಅತ್ತೆ. ಪೂರ್ತಿ ನೀವೇ."

ಅತ್ತೆ ನೋವಿರುವ ಮಂಡಿಯ ಮೇಲೇ ಫಟ್ಟೆಂದು ಹೊಡೆದುಕೊಂಡು, ಬಸ್ಸಿಗೆ ಬಸ್ಸೇ ತಿರುಗಿ ನೋಡುವಂತೆ ನಕ್ಕರು.