ಇಸ್ತ್ರಿ ಅಂಗಡಿಯ ಸೊಸೆಗೆ ಆಗಿದ್ದೇನು?

ಇಸ್ತ್ರಿ ಅಂಗಡಿಯ ಸೊಸೆ ಕೆಲಸದಲ್ಲಿ ಚುರುಕು. ಆದರೆ ಈಚೆಗೆ ಇದ್ದಕ್ಕಿದ್ದಂತೆ ಗೊಂಬೆಯ ಹಾಗೆ ನಿಂತುಬಿಡುತ್ತಿದ್ದಳು. ಕರೆದರೂ ಓಗೊಡುತ್ತಿರಲಿಲ್ಲ. ಒಂದೇ ವಾರದಲ್ಲಿ ಮೂರು ಬಟ್ಟೆ ಸುಟ್ಟವು. ಮೂರನೆಯದು ಅದೇ ಬೀದಿಯ ನರ್ಸಮ್ಮನ ಬಿಳಿ ಕೋಟು.

ನರ್ಸಮ್ಮ ಜಗಳಕ್ಕೆಂದೇ ಬಂದರು. ಆದರೆ ಅತ್ತೆ ಮೊದಲೇ ಶುರುಮಾಡಿದ್ದರು.

“ಎಲ್ಲ ನಾಟಕ ಕಣಮ್ಮ. ಇಲ್ಲಾಂದ್ರೆ ಯಾವುದೋ ದೆವ್ವ ಮೆಟ್ಕೊಂಡಿದೆ.”

“ಎರಡರಲ್ಲಿ ಒಂದು ಹೇಳಿ ದೊಡ್ಡಮ್ಮ. ನಾಟಕಾನೋ, ದೆವ್ವಾನೋ?”

ಅತ್ತೆಗೇ ನಗು ಬಂತು. ನರ್ಸಮ್ಮ ಸೊಸೆಯತ್ತ ತಿರುಗಿದರು. “ಹಾಗೆ ನಿಂತುಬಿಟ್ಟಾಗ ನಿಂಗೆ ಹೇಗನ್ಸುತ್ತೆ?”

“ಕೈ ನಂದಲ್ಲ ಅನ್ಸುತ್ತೆ ಅಕ್ಕ. ನಾನೇ ಬಾಗಿಲಾಚೆ ನಿಂತು ನನ್ನನ್ನ ನೋಡ್ತಿರೋ ಹಾಗೆ. ಮೊನ್ನೆ ಮಗಳನ್ನ ಸ್ಕೂಲಿಂದ ಕರ್ಕೊಂಡು ಬಂದಿದ್ದೇ ನೆನಪಿಲ್ಲ. ನಂಗೆ ಹುಚ್ಚು ಹಿಡೀತಿದೆಯಾ?”

“ಇಲ್ಲ. ಇದು ಯಾವಾಗಿಂದ?”

ಸೊಸೆ ಹೇಳತೊಡಗಿದಳು. ಹೋದ ವರ್ಷ ಅವಳು ಕೆಲಸಕ್ಕಿದ್ದ ದೊಡ್ಡ ಲಾಂಡ್ರಿಯಲ್ಲಿ ಬಾಯ್ಲರ್ ಸಿಡಿದಿತ್ತು. ಪಕ್ಕದಲ್ಲಿದ್ದ ಗೆಳತಿಗೆ ಸುಟ್ಟಗಾಯ. ಇವಳಿಗೆ ಒಂದು ಗೀರೂ ಇಲ್ಲ. ‘ಬಚಾವಾದೆ’ ಎಂದು ಎಲ್ಲರೂ ಸುಮ್ಮನಾಗಿದ್ದರು. ಅವಳೂ ಆ ಮಾತೆತ್ತಿರಲಿಲ್ಲ. ಈಗ ಒದ್ದೆ ಬಟ್ಟೆಗೆ ಇಸ್ತ್ರಿಪೆಟ್ಟಿಗೆ ತಾಗಿ ಹಬೆ ಬುಸ್ ಎಂದರೆ ಸಾಕು, ಲೋಕವೇ ದೂರವಾಗುತ್ತಿತ್ತು.

ನರ್ಸಮ್ಮ ಕೋಟಿನ ಜಗಳ ಮರೆತು ಸ್ಟೂಲು ಎಳೆದುಕೊಂಡರು. “ತಡ್ಕೊಳ್ಳೋಕಾಗದಷ್ಟು ಭಯವಾದಾಗ ಮನಸ್ಸು ಅಲ್ಲಿಂದ ಜಾಗ ಖಾಲಿ ಮಾಡುತ್ತೆ. ಮೈ ಜೊತೆಗೋ ನೆನಪಿನ ಜೊತೆಗೋ ಇರೋ ಕೊಂಡಿ ಸಡಿಲವಾಗುತ್ತೆ. ಡಾಕ್ಟ್ರು ಅದನ್ನ ಡಿಸೋಸಿಯೇಶನ್ ಅಂತಾರೆ. ಅಪಘಾತ ನೋಡಿದವರಿಗೆ, ಚಿಕ್ಕಂದಿನಲ್ಲಿ ಹಿಂಸೆ ಅನುಭವಿಸಿದವರಿಗೆ ಹೀಗಾಗಬಹುದು. ಬೇಕೂಂತ ಮಾಡೋದಲ್ಲ ದೊಡ್ಡಮ್ಮ.”

ಅತ್ತೆ ಸೊಸೆಯನ್ನು ನೋಡಿದರು. “ನಂಗೊಂದು ಮಾತು ಹೇಳಬಾರದಿತ್ತೇನೆ?”

“ನೀವು ಕೇಳ್ಲಿಲ್ಲ ಅತ್ತೆ.”

ಮರುದಿನ ಅತ್ತೆ ತಾವೇ ಅಂಗಡಿ ಮುಚ್ಚಿ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ದರು. ಮೂರ್ಛೆರೋಗದಂಥ ಬೇರೆ ಕಾಯಿಲೆ ಇಲ್ಲವೆಂದು ವೈದ್ಯರು ಮೊದಲು ಖಚಿತಪಡಿಸಿಕೊಂಡರು. ಆಮೇಲೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಗುಣವಾಗುವವರೆಗೆ ಇಸ್ತ್ರಿಪೆಟ್ಟಿಗೆ ಅತ್ತೆಯ ಕೈಗೆ, ಬಟ್ಟೆ ಮಡಿಸುವುದು ಸೊಸೆಯ ಪಾಲಿಗೆ.

ಮನಸ್ಸು ಜಾರತೊಡಗಿದರೆ ಕಾಲನ್ನು ನೆಲಕ್ಕೊತ್ತಿ, ಕಣ್ಣೆದುರಿಗಿರುವುದನ್ನು ಹೆಸರಿಸಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಒಂದು ದಿನ ಸೊಸೆಯ ನೋಟ ಬದಲಾದದ್ದು ಕಂಡು ಅತ್ತೆ ಮೆಲ್ಲಗೆ ಕೇಳಿದರು:

“ಏನೇನು ಕಾಣ್ತಿದೆ ಹೇಳು.”

“ಕಿಟಕಿ... ಬಕೆಟ್ಟು... ಬಟ್ಟೆ ಗಂಟು... ಮುಖ ಗಂಟಿಕ್ಕಿರೋ ಅತ್ತೆ.”

ಇಬ್ಬರೂ ಬಿದ್ದುಬಿದ್ದು ನಕ್ಕರು.

ಆರು ತಿಂಗಳಾಯಿತು. ಈಗಲೂ ಅಪರೂಪಕ್ಕೊಮ್ಮೆ ಹಾಗಾಗುವುದುಂಟು. ಆದರೆ ಅವಳಿಗೆ ಹೆದರಿಕೆಯಿಲ್ಲ. ಅತ್ತೆಗೆ ಅನುಮಾನವಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಇದ್ದೂ ಇಲ್ಲದಂತಾಗುತ್ತಾರೆಯೇ? ಬೈಯಬೇಡಿ, ಮಂತ್ರ ಹಾಕಿಸಲು ಓಡಬೇಡಿ. ಹತ್ತಿರ ಕೂತು ಕೇಳಿ. ಹೇಳಲೇಬೇಕೆಂದು ಒತ್ತಾಯಿಸಬೇಡಿ. ವೈದ್ಯರ ಬಳಿ ಅವರನ್ನು ಒಬ್ಬರನ್ನೇ ಕಳಿಸದೆ, ನೀವೂ ಜೊತೆಗೆ ಹೋಗಿ.